ಅಮೀನರು ಕೆಡವಿದ ಗೋಡೆ

ಗುತ್ತಲಿನ ಬೆಳ್ಳಮ್ಮ ಕೇಸು ಗೆದ್ದು ಬಂದ ದಿನ ಬೀದಿಗೆಲ್ಲ ಸಕ್ಕರೆ ಹಂಚಿದ್ದಳು. ಪಕ್ಕದ ಮನೆಯ ಲಿಂಗಯ್ಯ ಅವಳ ದಾರಿಗೆ ಅಡ್ಡವಾಗಿ ಎಬ್ಬಿಸಿದ್ದ ಗೋಡೆಯನ್ನು ಕೆಡವಬೇಕೆಂದು ಕೋರ್ಟೇ ಹೇಳಿತ್ತು. ಗೋಡೆಯ ಹಿಂದೆ ಅವಳ ಇಡ್ಲಿ ಗಾಡಿ ಸಿಕ್ಕಿಹಾಕಿಕೊಂಡಿತ್ತು. ಗಾಡಿ ರಸ್ತೆಗೆ ಬಂದರೆ ತಾನೆ ಮನೆಯಲ್ಲಿ ಒಲೆ ಉರಿಯುವುದು?

ತೀರ್ಪು ಜಾರಿ ಮಾಡಬೇಕಾದ ಕೋರ್ಟಿನ ಅಮೀನ ಯತೀಶ್ ಬಂದದ್ದೇನೋ ನಿಜ. ಬಂದವನು ನೇರ ಲಿಂಗಯ್ಯನ ಮನೆ ಹೊಕ್ಕ. ಮಟನ್ ಸಾರಿನ ಘಮ ಗೋಡೆ ದಾಟಿ ಬಂತು, ಅಮೀನ ಬರಲಿಲ್ಲ. ವಾರದ ಮೇಲೆ ಅವಳ ಲಾಯರ್ ಮಂಜುಶ್ರೀ ಫೋನ್ ಮಾಡಿದರು.

“ಗೋಡೆ ಕೆಡವಿ ದಾರಿ ಬಿಡಿಸಿದ್ದಾಯ್ತು ಅಂತ ಅಮೀನರು ವರದಿ ಕೊಟ್ಟಿದ್ದಾರಲ್ಲ ಬೆಳ್ಳಮ್ಮ!”

“ಅವನ ಬಾಯ್ಗೆ ಮಣ್ಣಾಕ! ಗ್ವಾಡೆ ಇಲ್ಲೇ ಗೂಟ ಒಡ್ದಂಗೆ ನಿಂತದೆ ಕಣವ್ವ. ತಲೆ ಚಚ್ಕೊಂಡು ಸದ್ದು ಕೇಳುಸ್ಲಾ?”

ವರದಿ ಸುಳ್ಳೆಂದು ಮಂಜುಶ್ರೀ ಅರ್ಜಿ ಹಾಕಿದರು. ಜಡ್ಜಮ್ಮ ವರದಿ ಓದಿ, ಬೆಳ್ಳಮ್ಮನ ಮುಖ ನೋಡಿ, ಅಮೀನನ ಕಡೆ ತಿರುಗಿದರು.

“ದಾರಿ ಬಿಡಿಸಿದವರು ನೀವೇ ತಾನೆ? ಅದೇ ದಾರಿಯಲ್ಲಿ ಈಕೆಯ ಗಾಡಿ ತಳ್ಳಿಕೊಂಡು ಬಂದು ಸಂಜೆಯೊಳಗೆ ಕೋರ್ಟಿನ ಮುಂದೆ ನಿಲ್ಲಿಸಿ.”

ಬೆಳ್ಳಮ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಮೇಲೆ ನೋಡಬೇಕಿತ್ತು ಅವನ ಪಾಡು! ಪ್ಯಾಂಟು ಮಡಚಿ, ಹಾರೆ ಹಿಡಿದು, ತಾನೇ ಗೋಡೆಯ ಮೇಲೆ ಬಿದ್ದ. “ಬುಡಿ ಸಾ, ಕುಂತ್ಕಂಡು ಮಾತಾಡುವ” ಎಂದು ಬಂದ ಲಿಂಗಯ್ಯನಿಗೆ, “ನಿನ್ನ ಬಾಡೂಟ ತಿಂದೇ ನಾನು ಕೆಟ್ಟೆ ಕಣಯ್ಯ!” ಎಂದು ರೇಗಿದ. ಗೋಡೆ ಬಿತ್ತು. ಗಾಡಿ ಗಡಗಡ ಎನ್ನುತ್ತ ರಸ್ತೆಗಿಳಿದಾಗ ಬೆಳ್ಳಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ಅಳುವೇ ಬಂದುಬಿಟ್ಟಿತು.

ಕೋರ್ಟಿನವರೆಗೂ ಯತೀಶ್ ಗಾಡಿ ತಳ್ಳುತ್ತ ಗೋಗರೆದ. “ಅಮ್ಮ, ಅಮೀನ್ರು ಅವತ್ತೇ ಕೆಡವುದ್ರು, ಲಿಂಗಯ್ಯ ತಿರ್ಗಾ ಕಟ್ದ ಅಂದ್ಬುಡಿ. ನಿಮ್ಮ ದಾರಿ ಸಿಕ್ತಲ್ಲ. ನನ್ನ ಕೆಲ್ಸ ಓಯ್ತದೆ.”

ಬೆವರಿಳಿಯುತ್ತಿದ್ದವನನ್ನು ಕಂಡು ಅವಳ ಕರುಳು ಚುರ್ ಎಂದಿತು. ಕುಡಿಯಲು ನೀರು ಕೊಟ್ಟಳು. ಲಿಂಗಯ್ಯ ಕೆಟ್ಟವನೇ, ಆದರೂ ಮಾಡದ ತಪ್ಪನ್ನು ಅವನ ತಲೆಗೆ ಕಟ್ಟುವುದೇ? ಕೋರ್ಟಿನ ಮೆಟ್ಟಿಲ ಮೇಲೆ ಮದ್ದೂರು, ಮಳವಳ್ಳಿ ಕಡೆಯ ಜನ ತೀರ್ಪಿನ ಕಾಗದ ಹಿಡಿದು ಕೂತಿದ್ದರು. ಅವರಿಗೂ ಇದೇ ಅಮೀನನೇ ಬರಬೇಕಿತ್ತು.

“ದಾರಿ ಬಿಟ್ಟಿದೆಯೇನಮ್ಮ?” ಎಂದು ಜಡ್ಜಮ್ಮ ಕೇಳಿದರು.

ಯತೀಶ್ ಅವಳನ್ನೇ ನೋಡುತ್ತಿದ್ದ.

“ಬುಟ್ಟದೆ ತಾಯಿ,” ಎಂದಳು ಬೆಳ್ಳಮ್ಮ. “ಇವತ್ತು ಬುಟ್ಟದೆ. ಇವ್ರು ಬರ್ಕೊಟ್ಟ ದಿನ ಬುಟ್ಟಿರ್ನಿಲ್ಲ.”