ಸಿಕ್ಕಿಕೊಂಡ ಮರ

“ಏ ಮುಂಡೆ, ಕೊಡಲಿ ಕೊಟ್ಟಿರೋದು ಕಡಿಯೋಕೆ, ಊರಿಕೊಂಡು ನಿಲ್ಲೋಕಲ್ಲ! ನಿನ್ನ ಸೊಂಟ ಮುರಿಯಾ!”

ಮೇಸ್ತ್ರಿ ಬೈದದ್ದು ಅಕ್ಕನನ್ನು. ಉತ್ತರ ಬಂದದ್ದು ಪಕ್ಕದ ಮರ ಕಡಿಯುತ್ತಿದ್ದ ಅವಳ ಓರಗಿತ್ತಿಯಿಂದ.

“ಸೊಂಟ ಆಗ್ಲೇ ಮುರಿದಿದೆ ಮೇಸ್ತ್ರಿ, ಬೇರೆ ಏನಾದ್ರೂ ಶಾಪ ಹಾಕಿ,” ಎಂದಳು, ಅವನದೇ ಮೂಗುದನಿಯಲ್ಲಿ. ಆಳುಗಳು ಕಿಸಕ್ಕನೆ ನಕ್ಕರು. ಒಮ್ಮೆ ಕೇಳಿದ ದನಿಯನ್ನು ಹಾಗೇ ಒಪ್ಪಿಸುತ್ತಿದ್ದ ಅವಳಿಗೆ ಗೊರವಂಕ ಎಂದೇ ಹೆಸರು ಬಿದ್ದಿತ್ತು.

ಅಣ್ಣತಮ್ಮಂದಿರನ್ನು ಕಟ್ಟಿಕೊಂಡ ಹೆಂಗಸರು ಅವರು. ಮೈಮೇಲೆ ಮರ ಬಿದ್ದು ಅಕ್ಕನ ಗಂಡ ಹೋದ. ಇನ್ನೊಬ್ಬಳ ಮೇಲೆ ಮನಸ್ಸು ಬಿದ್ದು ಗೊರವಂಕಳ ಗಂಡ ಹೋದ. ಉಳಿದದ್ದು ತೋಪಿನ ಸಾಲುಮನೆಯಲ್ಲಿ ಒಂದು ಕೋಣೆ. ಒಬ್ಬಳು ಮಗ್ಗುಲು ಬದಲಿಸಬೇಕಾದರೆ ಇನ್ನೊಬ್ಬಳ ಅಪ್ಪಣೆ ಬೇಕು, ಅಷ್ಟಗಲ. ಅದೂ ಇವತ್ತು ಸಂಜೆಯವರೆಗೆ ಮಾತ್ರ ಇಬ್ಬರದು.

ಎದುರಿಗೆ ಸಾಹುಕಾರ, ಬೆನ್ನ ಹಿಂದೆ ಸಾವುಕಾರ ಎನಿಸಿಕೊಂಡ ಯಜಮಾನ ಬೆಳಿಗ್ಗೆ ಜೀಪಿನಿಂದ ಇಳಿಯದೆಯೇ ಪಾಠ ಒಪ್ಪಿಸಿದ್ದ.

“ಈ ಮರಗಳ್ನ ನೋಡಿ ಕಲೀರಿ. ಬಿಸಿಲಿಗೋಸ್ಕರ ಒಂದನ್ನೊಂದು ತಳ್ಳಿಕೊಂಡು ಮೇಲೇಳ್ತವೆ. ಗೆದ್ದದ್ದು ದಪ್ಪ ಆಗುತ್ತೆ, ಸೋತದ್ದು ನೆರಳಲ್ಲೇ ಒಣಗುತ್ತೆ. ಸೋತದ್ದನ್ನ ನಾವು ಕಡೀತೀವಿ. ಸಾಲುಮನೇಲೂ ಜನ ಜಾಸ್ತಿ ಆಗಿದ್ದೀರಿ. ಕೋಣೆಗೊಬ್ಬರು ಸಾಕು. ಸಂಜೆ ತನಕ ಯಾರು ಹೆಚ್ಚು ಉರುಳಿಸ್ತೀರೋ ಅವರು ಇರಿ, ಮಿಕ್ಕೋರು ಗಂಟು ಕಟ್ಟಿ. ಇದು ನಾನು ಮಾಡಿದ್ದಲ್ಲ, ಪ್ರಕೃತಿ ನಿಯಮ.”

“ಇಷ್ಟು ಒತ್ತೊತ್ತಾಗಿ ನೆಟ್ಟಿದ್ದೂ ಪ್ರಕೃತಿನೇನಾ ಸಾಹುಕಾರ್ರೇ?” ಎಂದು ಗೊರವಂಕ ಕೇಳಿದಾಗ ಅಕ್ಕ ಅವಳ ತೊಡೆ ಚಿವುಟಿದ್ದಳು.

ಈಗ ಹೊತ್ತು ಇಳಿಯುತ್ತಿತ್ತು. ತೋಪಿನೊಳಗೆ ಬೆಳಕು ಮೊದಲೇ ಕಡಿಮೆ. ಗೊರವಂಕ ಮುಂದಿದ್ದಳು, ಅಕ್ಕ ಹಿಂದೆ ಬಿದ್ದಿದ್ದಳು. ಗೊರವಂಕ ಬೇಕೆಂದೇ ಕೈ ನಿಧಾನ ಮಾಡಿದರೆ ಅಕ್ಕ ತಲೆಯೆತ್ತದೆ ಹೇಳಿದಳು: “ಭಿಕ್ಷೆ ಹಾಕ್ಬೇಡ ಕಣೇ.”

ಮರ ಬೀಳಬೇಕಾದ ಕಡೆ ಮೊದಲು ಕಚ್ಚು ಹಾಕಿ, ಆಮೇಲೆ ಹಿಂದಿನಿಂದ ಕಡಿಯಬೇಕು. ಅವಸರಕ್ಕೆ ಬಿದ್ದ ಅಕ್ಕ ಕಚ್ಚು ಬಿಟ್ಟು ಒಂದೇ ಸಮ ಬೀಸಿದಳು. ಮರ ಬುಡದಿಂದ ಕಳಚಿತು, ಗಿರ್ರನೆ ತಿರುಗಿತು, ಬೀಳಲಿಲ್ಲ. ದಾರಿಯಾಚೆಯ ಮರದ ನೆತ್ತಿಗೆ ಸಿಕ್ಕಿಕೊಂಡು, ಸಾಗಣೆ ದಾರಿಯ ಮೇಲೆ ಓರೆಯಾಗಿ ನಿಂತಿತು. ಇಷ್ಟು ವರ್ಷ ಅದರ ಬಿಸಿಲು ಕಸಿದಿದ್ದ ಮರವೇ ಈಗ ಅದರ ಹೆಣ ಹೊತ್ತಿತ್ತು.

ಕೊಡಲಿಗಳೆಲ್ಲ ನಿಂತವು. ಅಕ್ಕನ ಗಂಡ ಹೋದದ್ದು ಇಂಥದೇ ಮರದಡಿ, ಅದನ್ನು ಹೊತ್ತ ಮರ ಕಡಿಯುವಾಗ.

ದಿಮ್ಮಿ ತುಂಬಿದ ಲಾರಿ ಆಚೆ ಹಾರ್ನ್ ಹೊಡೆಯತೊಡಗಿತು. ಅದರ ಹಿಂದಿನ ಜೀಪಿನಿಂದ ಸಾಹುಕಾರ ಇಳಿದು ಬಂದ.

“ಯಾವ ದರಿದ್ರದೋಳು ಮಾಡಿದ್ದು? ಆ ಹೊತ್ಕೊಂಡಿರೋ ಮರಾನೂ ಕಡಿ! ಎರಡೂ ಬೀಳ್ತವೆ, ದಾರಿ ಬಿಡುತ್ತೆ.”

ಅಕ್ಕ ಕೊಡಲಿ ಎತ್ತಿಕೊಂಡಳು. “ಎರಡು ಬಿದ್ರೆ ನನ್ನ ಲೆಕ್ಕಕ್ಕೆ ಎರಡೂ ಬರುತ್ತಾ ಮೇಸ್ತ್ರಿ?”

“ಬರುತ್ತೆ ಹೋಗು.”

ಅಕ್ಕ ಓರೆ ಮರದಡಿಗೆ ನಡೆದಳು. ಗೊರವಂಕಳ ತಲೆಯೊಳಗೆ, ಯಾರೂ ಕರೆಯದೆ, ಕೋಣೆ ಬಂದು ನಿಂತಿತು: ಖಾಲಿ ಕೋಣೆ, ಕೈಕಾಲು ಚಾಚಿ ಮಲಗಿದ ತಾನು. ಥೂ ಎಂದು ಉಗಿದವಳೇ ಓಡಿದಳು. ಅಕ್ಕನ ಜಡೆ ಹಿಡಿದು ದರದರನೆ ಹೊರಗೆಳೆದಳು.

“ಬಿಡೇ! ನನ್ನ ಮರ ಅದು!”

“ನಿನ್ನ ಮರ ಅಂತೆ! ನಿನ್ನ ಸೀರೆ ಸೆರಗೂ ನಿಂದಲ್ಲ, ಬಾಯ್ಮುಚ್ಚು!”

ಅಕ್ಕನ ಕೈಯಿಂದ ಕೊಡಲಿ ಕಿತ್ತು ಅವಳು ಸಾಹುಕಾರನ ಬೂಟಿನ ಮುಂದೆ ಎಸೆದಳು. “ಮರ ನಿಮ್ದು, ದಾರಿ ನಿಮ್ದು. ನೀವೇ ಕಡ್ಕೊಳ್ಳಿ.”

“ಏನಂದೆ ಬೋಳಿ?”

ಗೊರವಂಕ ಅಲ್ಲೇ ನೆಲದ ಮೇಲೆ ಕೂತಳು. ಅಕ್ಕ ಕೂತಳು. ಮುದುಕನೊಬ್ಬ ಕೊಡಲಿ ಕೆಳಗಿಟ್ಟು ಬೀಡಿ ಹಚ್ಚಿದ. ಆಮೇಲೆ ಎಲ್ಲರ ಕೊಡಲಿಗಳೂ ನೆಲಕ್ಕೆ ಬಂದವು.

“ಮೇಸ್ತ್ರಿ, ನೀನು ಹೋಗೋ!”

“ಬೆನ್ನು ಹಿಡ್ಕೊಂಡಿದೆ ಸಾಹುಕಾರ್ರೇ...”

“ಥೂ, ಗಂಡಸೇನೋ ನೀನು? ನಮ್ಮಪ್ಪ ಈ ಕಾಡು ಕಡಿದೇ ಸಾಹುಕಾರ ಆಗಿದ್ದು!” ಸಾಹುಕಾರ ಅಂಗಿಯ ತೋಳು ಮಡಚಿ ಕೊಡಲಿ ಎತ್ತಿಕೊಂಡ. ಅವನಪ್ಪ ಕಡಿಸಿದ್ದನೇ ಹೊರತು ಕಡಿದಿರಲಿಲ್ಲ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಹೊತ್ತು ನಿಂತ ಮರದ ಬುಡಕ್ಕೆ ಮೊದಲ ಏಟು ಬಿತ್ತು. ಮೇಲೆ ಎಲ್ಲೋ ಲಟಕ್ ಎಂದಿತು. ಒಣಗಿದ ತೊಗಟೆಯ ಪುಡಿ ಅವನ ಹೆಗಲ ಮೇಲೆ ಉದುರಿತು. ಅವನು ಕೊಡವಿಕೊಂಡು ತಿರುಗಿ ನೋಡಿದ. ಆಳುಗಳ ಕಣ್ಣು ಅವನ ಮೇಲಿರಲಿಲ್ಲ. ಅವನ ತಲೆಗಿಂತ ಬಹಳ ಮೇಲಿತ್ತು.

“ಏನ್ರೋ ನೋಡ್ತೀರಿ?”

ಕೂಗಲು ಅಕ್ಕ ಬಾಯಿ ತೆರೆದಳು. ಗೊರವಂಕ ಅವಳ ಅಂಗೈ ಹಿಡಿದು ಒತ್ತಿದಳು, ಉಗುರು ಇಳಿಯುವಷ್ಟು.

ಸಾಹುಕಾರ ಮತ್ತೆ ಕೊಡಲಿ ಎತ್ತಿದ.