ಶಾಲುಬಾಯಿಯ ಊಟದ ಗಂಟೆ

"ಹಗ್ಗ ಇನ್ನಾ ಜರಾ ಮ್ಯಾಲ ಎಳೀರಿ, ಸಾಹೇಬ್ರ ಮಾರಿ ಮಡಚ್ಯದ!"

ಅಂಗಳದ ಬೇವಿನ ಮರಕ್ಕೆ ಫ್ಲೆಕ್ಸ್ ಕಟ್ಟಿಸುತ್ತಿದ್ದ ರಾಜರತ್ನ ಕೂಗಿದ. ಅದೇ ಮರದ ಕೆಳಗೆ ಚಟ್ಟದ ಮೇಲೆ, ಬಿಳಿ ಸೀರೆ ಹೊದ್ದು, ಅವನ ತಾಯಿ ಶಾಲುಬಾಯಿ ಬೆಳಗಿನಿಂದ ಮಲಗಿದ್ದಳು. ಯುಗಾದಿಗೆ ಇನ್ನು ಐದೇ ದಿನ. ಹಗ್ಗ ಜಗ್ಗಿದಾಗಲೆಲ್ಲ ಅವಳ ಮೇಲೆ ಬೇವಿನ ಹೂವು ಉದುರುತ್ತಿತ್ತು.

ಚಟ್ಟದ ಪಕ್ಕದಲ್ಲಿ ಕೂತಿದ್ದ ಅವನ ತಂಗಿ ಆಮ್ರಪಾಲಿ ತಲೆಯೆತ್ತಿದಳು. ಬೀದರಿನಲ್ಲಿ ನರ್ಸ್ ಆಗಿದ್ದ ಅವಳು ಸುದ್ದಿ ತಿಳಿದ ಕೂಡಲೇ ತನ್ನೂರು ಮೆಹಕರಕ್ಕೆ ಓಡಿ ಬಂದಿದ್ದಳು. ಫ್ಲೆಕ್ಸಿನ ತುಂಬ ಪಕ್ಷದ ಮುಖಂಡ ಸಾಹೇಬರೇ, ಕೈಮುಗಿದು ಹಲ್ಲು ಕಿರಿದು ನಿಂತಿದ್ದಾರೆ. ಸುತ್ತ ಹದಿನಾಲ್ಕು ಮಂದಿ ಬೆಂಬಲಿಗರು. ಕೆಳಗಿನ ಮೂಲೆಯಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ ಅವ್ವ. ಸತ್ತವರು ಯಾರೆಂದು ಹೊಸಬರು ಕೇಳಿಯೇ ತಿಳಿಯಬೇಕು. ಆಮ್ರಪಾಲಿಗೆ ಮೈಯೆಲ್ಲ ಉರಿಯಿತು.

"ಅಣ್ಣಾ, ಹನ್ನೆರಡೂವರಿ ಆಯ್ತು. ಬಿಸಲು ಹ್ಯಾಂಗದ ನೋಡು. ಎತ್ತಬೇಕೋ ಬ್ಯಾಡೋ?"

"ಸಾಹೇಬ್ರು ಔರಾದದಾಗ ಒಂದು ಉದ್ಘಾಟನಾ ಮುಗಿಸಿ ಸೀದಾ ಇಲ್ಲಿಗೇ ಬರ್ತಾರ. ಹಾರ ಹಾಕ್ಲಿ, ಆಮ್ಯಾಲ ಎತ್ತೋಣು."

"ಮುಂಜಾನಿ ಹತ್ತಕ್ಕೂ ಇದೇ ಅಂದಿದ್ದಿ."

"ನಿನಗ ತಿಳಿಯಂಗಿಲ್ಲ. ಬರೋ ಎಲೆಕ್ಷನ್ ಟಿಕೀಟ್ ಅವರ ಕೈಯಾಗದ. ಅಂಥಾವ್ರು ಮಣ್ಣಿಗಿ ಬಂದ್ರ ಅವ್ವಗೂ ಮರ್ಯಾದಿ ಅಲ್ಲೇನು?"

ಮರ್ಯಾದೆಯಂತೆ! ಇಪ್ಪತ್ತೆರಡು ವರ್ಷ ಊರ ಸಾಲೆಯಲ್ಲಿ ಬಿಸಿಯೂಟ ಬೇಯಿಸಿದವಳಿಗೆ ಇವನು ಮರ್ಯಾದೆ ತರಬೇಕಿತ್ತೇ? ಮೊದಮೊದಲು ಅವಳ ಕೈಯ ಅನ್ನವೆಂದು ಮೂಗು ಮುರಿದು, ಮಕ್ಕಳಿಗೆ ಮನೆಯಿಂದ ಡಬ್ಬಿ ಕಟ್ಟಿ ಕಳಿಸಿದವರು ಊರಲ್ಲಿ ಕಡಿಮೆಯಿರಲಿಲ್ಲ. ಕಡೆಗೆ ಮಕ್ಕಳೇ ಡಬ್ಬಿ ಬದಿಗಿಟ್ಟು ಅವಳ ಮುಂದೆ ತಾಟು ಹಿಡಿದವು. ಜ್ವರ ಬಂದರೂ, ಗ್ಯಾಸ್ ಮುಗಿದರೂ, ಒಂದರ ಗಂಟೆ ಹೊಡೆದಾಗ ತಾಟಿನಲ್ಲಿ ಬಿಸಿ ಅನ್ನ ಇರಲೇಬೇಕು. ಅದು ಅವಳ ಕಾನೂನು.

*

ಏಳು ವರ್ಷದ ಹಿಂದೆ ಸಾಲೆಯ ಹೊಸ ಅಡಿಗೆಮನೆಯ ಉದ್ಘಾಟನೆಗೆ ಇದೇ ಸಾಹೇಬರು ಬರುವವರಿದ್ದರು. ಅವ್ವನ ಕೈಗೆ ನೆರವಾಗಲು ಆಮ್ರಪಾಲಿಯೂ ಹೋಗಿದ್ದಳು. ಸಾಹೇಬರು ಉಣ್ಣುವತನಕ ಮಕ್ಕಳಿಗೆ ಬಡಿಸಕೂಡದೆಂದು ಹೆಡ್‌ಮಾಸ್ತರರ ತಾಕೀತು. ಮಕ್ಕಳು ಖಾಲಿ ತಾಟು ಮುಂದಿಟ್ಟುಕೊಂಡು ಸಾಲಾಗಿ ಕೂತಿದ್ದವು. ಗಂಟೆ ಹೊಡೆಯುವ ಬಾಬುಮಿಯಾ, ಹೊಡೆಯಲೋ ಬೇಡವೋ ಎಂದು ಬಡಿಗೆ ಹಿಡಿದು ನಿಂತಿದ್ದ.

"ಹೊಡಿ ಬಾಬುಭಾಯಿ, ಒಂದಾಗ್ಯದ," ಎಂದಳು ಶಾಲುಬಾಯಿ.

"ಸಾಹೇಬ್ರು ಬಂದಿಲ್ಲಲ್ಲ?"

"ಅವರು ಎಲ್ಲಿರ ಉಂಡೇ ಬರ್ತಾರ. ಇವು ಉಂಡಿಲ್ಲ."

ಸಾಹೇಬರು ಬಂದದ್ದು ಮೂರಕ್ಕೆ. ಆಗ ಪಾತ್ರೆಯಲ್ಲಿ ಉಳಿದಿದ್ದು ಬರೀ ತಳದ ಸೀಕಲು. ಮರುದಿನವೇ ಸಾಹೇಬರು ಹೇಳಿ ಶಾಲುಬಾಯಿಯನ್ನು ಕೆಲಸ ಬಿಡಿಸಿದರು. ಕ್ಷಮೆ ಕೇಳು ಎಂದು ಹೇಳಿಕಳಿಸಿದರೂ ಅವಳು ಹೋಗಲಿಲ್ಲ. ಮಕ್ಕಳ ತಾಯಂದಿರೇ ಸಾಲೆಗೆ ನುಗ್ಗಿ ಜಗಳ ತೆಗೆದ ಮೇಲೆ, ಎರಡು ತಿಂಗಳಿಗೆ ಮತ್ತೆ ಕರೆದರು. ಆ ಉದ್ಘಾಟನೆಯ ಫ್ಲೆಕ್ಸನ್ನು ಅವಳು ಮನೆಗೆ ತಂದು, ಮುಖ ಕೆಳಗೆ ಮಾಡಿ ಹಾಸಿ, ಮೇಲೆ ಬೇವಿನ ಹೂವು ಒಣಹಾಕಿದ್ದಳು.

"ಮಾರಿಕಿಂತ ಬೆನ್ನೇ ಸ್ವಚ್ಛ ಅದ ನೋಡು," ಎಂದು ನಕ್ಕಿದ್ದಳು.

*

ಸಾಲೆಯ ಕಡೆಯಿಂದ ಗಂಟೆಯ ಸದ್ದು ಕೇಳಿತು. ಗೋಡೆಗೆ ಒರಗಿ ಕೂತಿದ್ದ ಬಾಬುಮಿಯಾ, ಈಗ ನಿವೃತ್ತನಾದ ಮುದುಕ, ಗಡಬಡಿಸಿ ಎದ್ದ.

"ಶಾಲುಬಾಯಿ, ಒಂದಾಯ್ತು..."

ಅಂದವನೇ ಬಾಯಿಗೆ ಟವೆಲು ಒತ್ತಿಕೊಂಡು ಅಳತೊಡಗಿದ. ಆಮ್ರಪಾಲಿ ನಿಂತಳು.

"ಕೇಳಿಸ್ತೇನು ಅಣ್ಣಾ? ಅವ್ವನ ಹೊತ್ತಾಯ್ತು. ಎತ್ತರಿ!"

"ಹತ್ತೇ ಮಿಂಟ್ ತಡಿ. ಗಾಡಿ ಭಾಲ್ಕಿ ದಾಟ್ಯದಂತ."

"ಆಕಿ ಒಂದು ಕೂಸಿಗೂ ಕಾಯಸಲಿಲ್ಲ. ನೀ ಆಕಿಗಿ ಬಿಸಲಾಗ ಕಾಯಸ್ತಿ? ಆಕಿ ಕೆಲಸ ಕಸಕೊಂಡವನ ಕೈಲಿಂದ ಆಕಿಗಿ ಹಾರ ಹಾಕಸ್ತಿ? ನಾಚಿಕಿ ಬರಲ್ಲೇನು ನಿನಗ!"

ಚಟ್ಟದ ತಲೆಯ ಕಡೆ ಕೂತಿದ್ದ ಅಪ್ಪ ಮಚ್ಛೇಂದ್ರ ಎದ್ದು ಬಂದು ಚಟ್ಟಕ್ಕೆ ಕೈಹಾಕಿದ.

"ನಡೀರಿ. ಹೊತ್ತು ಮೀರಿದ್ರ ಬೈತಾಳ ಆಕಿ."

ಬಾಬುಮಿಯಾ ಇನ್ನೊಂದು ಕಡೆ ಹಿಡಿದ. ರಾಜರತ್ನನ ಕೈಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಅವನು ಚಟ್ಟದ ಮೇಲೆ ಬಾಗಿದ ಅಪ್ಪನ ಬೆನ್ನು ನೋಡಿದ. ಫೋನು ಜೇಬಿಗಿಟ್ಟು, ಅಪ್ಪನನ್ನು ಸರಿಸಿ ತಾನೇ ಹೆಗಲು ಕೊಟ್ಟ. ಬುದ್ಧಂ ಸರಣಂ ಗಚ್ಛಾಮಿ ಎನ್ನುತ್ತ ಜನ ಹೊರಟರು.

ಮಣ್ಣು ಮುಗಿಸಿ ಬಂದಾಗ ಮೂರಾಗಿತ್ತು. ಸಾಹೇಬರ ಸುಳಿವೇ ಇರಲಿಲ್ಲ. ಆಮ್ರಪಾಲಿ ಫ್ಲೆಕ್ಸ್ ಬಿಚ್ಚಿಕೊಂಡಳು. ಮೂಲೆಯ ಅವ್ವನನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಅಪ್ಪನ ಕೈಗೆ ಕೊಟ್ಟಳು. ಉಳಿದದ್ದನ್ನು ಅಂಗಳದ ನಡುವೆ ಬೋರಲು ಹಾಸಿದಳು. ಒಳಗೆ ಅವ್ವ ನಿನ್ನೆ ಆಯ್ದಿಟ್ಟ ಬೇವಿನ ಹೂವಿನ ಬುಟ್ಟಿಯಿತ್ತು. ಅದನ್ನು ತಂದು ಸುರಿದು, ಅಂಗೈಯಿಂದ ತೆಳ್ಳಗೆ ಹರವಿದಳು. ರಾಜರತ್ನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ.

ನಾಲ್ಕರ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತು. ಸಾಹೇಬರು ದೊಡ್ಡ ಹಾರ ಹಿಡಿದು, ಹೆಣ ಎಲ್ಲಿದೆ ಎಂದು ಅತ್ತಿತ್ತ ನೋಡುತ್ತ ಒಳಗೆ ಬಂದರು. ಒಂದು ಕಾಲು ಫ್ಲೆಕ್ಸಿನ ಅಂಚಿಗೆ ಬಂದಿತ್ತು. ರಾಜರತ್ನ ಎದ್ದು ಅಡ್ಡ ನಿಂತ.

"ಜರಾ ಆಚಿ ನಿಂದರ್ರಿ, ಸಾಹೇಬ್ರ. ಅವ್ವನ ಹೂ ಒಣಗಲಾಕತ್ತದ."