ಗಡಿಕಲ್ಲಿನಿಂದ ಗಡಿಕಲ್ಲಿಗೆ

ಭೂಗೋಳದ ಮೇಷ್ಟ್ರು ಇಪ್ಪತ್ತೆರಡು ವರ್ಷಗಳಿಂದ ಕಾಲೇಜಿನಲ್ಲಿ ಭೂಮಾಪನ ಕಲಿಸುತ್ತಿದ್ದರು. ಯಾವ ನದಿ ಎಲ್ಲಿ ತಿರುಗುತ್ತದೆಂದು ನಕ್ಷೆ ನೋಡಿಯೇ ಹೇಳಬಲ್ಲ ಮಹಾನುಭಾವರು. ಸ್ವಂತ ಹಿತ್ತಿಲಿಗೆ ಕಾಲಿಟ್ಟಿದ್ದು ಮಾತ್ರ ಅಪರೂಪ. ಒಂದು ಭಾನುವಾರ ಅವರು ಹಿತ್ತಿಲಿಗೆ ಬರುವುದಕ್ಕೂ ಪಕ್ಕದ ಮನೆಯ ದರ್ಜಿ ಬೇಲಿಗೆಂದು ಗುಂಡಿ ತೋಡುವುದಕ್ಕೂ ಸರಿಹೋಯಿತು.

“ನಮ್ಮ ಜಾಗಕ್ಕೇ ಬಂದುಬಿಟ್ರಲ್ರೀ!”

“ಅಳೆದು ನೋಡೋಣ ಬಿಡಿ ಮೇಷ್ಟ್ರೇ,” ಎಂದು ದರ್ಜಿ ಕೊರಳಿನ ಟೇಪು ತೆಗೆದ.

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. “ಇದು ಅಂಗಿ ಅಲ್ಲಪ್ಪ. ಭೂಮಿ ಅಳೆಯೋಕೆ ಒಂದು ಶಾಸ್ತ್ರ ಇದೆ.”

ಮರುದಿನ ಆ ಶಾಸ್ತ್ರ ಕಾಲೇಜಿನಿಂದ ಬಂದು ಮೂರು ಕಾಲಿನ ಮೇಲೆ ನಿಂತಿತು: ಪ್ಲೇನ್ ಟೇಬಲ್ಲು, ಅದರ ಹಲಗೆಯ ಮೇಲೆ ಬಿಳಿ ಹಾಳೆ, ಗುರಿ ನೋಡುವ ಪಟ್ಟಿ, ದಿಕ್ಸೂಚಿ. ಹೆಂಡತಿ ಊಟಕ್ಕೆ ಕರೆದರೆ, “ಕೂಗಬೇಡ, ಮುಳ್ಳು ಅಲುಗಾಡುತ್ತೆ,” ಎಂದರು. ಸಂಜೆಯ ಹೊತ್ತಿಗೆ ತಾತಂದಿರ ಕಾಲದ ಗಡಿಕಲ್ಲುಗಳೆರಡೂ ಪೊದೆಯಲ್ಲಿ ಸಿಕ್ಕವು. ಮೇಷ್ಟ್ರು ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದರು. ಗೆರೆ ದರ್ಜಿಯ ಗುಂಡಿಗಳನ್ನು ಮೂಸಿಯೂ ನೋಡದೆ ನೆಟ್ಟಗೆ ಮೇಷ್ಟ್ರ ಅಡುಗೆಮನೆಗೆ ನುಗ್ಗಿತು.

ಮತ್ತೆ ಅಳೆದರು. ಮೂರನೇ ಸಲವೂ ಅಳೆದರು. ಗೆರೆಗೆ ಮೇಷ್ಟ್ರ ಸರ್ವೀಸಿನ ಮೇಲೆ ಕಿಂಚಿತ್ತೂ ಗೌರವವಿರಲಿಲ್ಲ.

“ಹಾಗಾದ್ರೆ ಒಲೆ ಅವರದು, ಸಿಂಕು ನಮ್ಮದು,” ಎಂದಳು ಹೆಂಡತಿ. “ಇನ್ನೊಂದು ಸಲ ಅಳೆದು ಮಲಗೋ ಕೋಣೆನೂ ಕೊಟ್ಟುಬಿಡಿ.”

ಹಾಳೆ ಹರಿದುಹಾಕಲು ಮೇಷ್ಟ್ರ ಕೈ ತುರಿಸಿತು. ಆದರೆ ಅಳತೆ ತಿದ್ದಿದ ವಿದ್ಯಾರ್ಥಿಗಳಿಗೆಲ್ಲ ವರ್ಷಗಟ್ಟಲೆ ಸೊನ್ನೆ ಸುತ್ತಿದ್ದೂ ಅದೇ ಕೈ. ಹಾಳೆ ಸುತ್ತಿಕೊಂಡು ದರ್ಜಿಯ ಬಾಗಿಲಿಗೆ ಹೋದರು.

“ನಮ್ಮ ಅಡುಗೆಮನೆ... ನಿಮ್ಮ ಜಾಗದಲ್ಲಿದೆ.”

“ಗೊತ್ತು ಬಿಡಿ. ನಿಮ್ಮಮ್ಮಂಗೆ ಹೊಗೆ ಆಗ್ತಿರ್ಲಿಲ್ಲ, ಒಲೆ ಇಡೋಕೆ ಬೇರೆ ಕೋಣೆ ಬೇಕಿತ್ತು. ನಮ್ಮಪ್ಪನೇ ಬಿಟ್ಟುಕೊಟ್ಟಿದ್ದು. ಅದಕ್ಕೇ ನಿಮ್ಮ ಗೋಡೆ ಬಿಟ್ಟು ಈಚೆಗೆ ಗುಂಡಿ ತೋಡ್ತಿದ್ದೆ.”

“ಮೊದಲೇ ಹೇಳಬಾರದಿತ್ತೇನ್ರೀ?”

“ನೀವು ಬಾಯಿ ಬಿಡೋಕೆ ಬಿಟ್ರೆ ತಾನೆ!”

ಮೇಷ್ಟ್ರು ಹಾಳೆಯನ್ನು ಅವನ ಕೈಗಿತ್ತರು. ದರ್ಜಿ ಕನ್ನಡಕ ಏರಿಸಿ ಹಾಳೆ ಬಿಡಿಸಿದ. ನಕ್ಷೆಯಲ್ಲಿ ಅವನ ಬೇಲಿಯ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ‘ಒತ್ತುವರಿ’ ಎಂದಿತ್ತು; ಅದನ್ನು ಮೇಷ್ಟ್ರು ಅಳೆಯುವುದಕ್ಕೆ ಮುಂಚೆಯೇ ಬರೆದಿಟ್ಟಿದ್ದರು.

“ಅಡುಗೆಮನೆ ಅಲ್ಲೇ ಇರ್ಲಿ,” ಎಂದ ದರ್ಜಿ. “ಈ ಪದನ ಮಾತ್ರ ಸ್ವಲ್ಪ ಆ ಕಡೆ ಸರಿಸಿ ಬರೀರಿ.”

ಮೇಷ್ಟ್ರು ಅಲ್ಲೇ ಹೊಲಿಗೆ ಯಂತ್ರದ ಮೇಲೆ ಹಾಳೆ ಹರಡಿ, ಅವನ ಬಳಿಯೇ ಪೆನ್ನು ಕೇಳಿ ಪಡೆದು, ತಮ್ಮ ಅಡುಗೆಮನೆಯ ಮೇಲೆ ದುಂಡಗಿನ ಅಕ್ಷರದಲ್ಲಿ ‘ಒತ್ತುವರಿ’ ಎಂದು ಬರೆದರು.